ಸಹಿ ಯಾರದು, ಖಾತೆ ಯಾರದು?

(ಬಾನುಲಿ ಭಾಷಣ)

2025ರ ಮೇ 7ರಂದು ದೆಹಲಿಯಲ್ಲಿ ಪತ್ರಕರ್ತರ ಎದುರು ಆಪರೇಷನ್ ಸಿಂಧೂರದ ವಿವರ ಕೊಟ್ಟವರಲ್ಲಿ ಕರ್ನಲ್ ಸೋಫಿಯಾ ಕುರೇಶಿ ಒಬ್ಬರು. ತವರು ಗುಜರಾತಿನ ವಡೋದರಾ, ಗಂಡನ ಮನೆ ಬೆಳಗಾವಿ ಜಿಲ್ಲೆಯ ಗೋಕಾಕ ತಾಲೂಕಿನ ಕೊಣ್ಣೂರು. ಅದಾಗಿ ವಾರ ತುಂಬುವ ಹೊತ್ತಿಗೆ ಎಕ್ಸ್ ಜಾಲತಾಣದಲ್ಲಿ ಒಂದು ಸುದ್ದಿ ಹಾರಿತು: ಬೆಳಗಾವಿಯಲ್ಲಿರುವ ಕರ್ನಲ್ ಅವರ ಅತ್ತೆ-ಮಾವನ ಮನೆಯ ಮೇಲೆ ಆರೆಸ್ಸೆಸ್‌ನವರು ದಾಳಿ ಮಾಡಿದ್ದಾರೆ ಎಂದು. ಭಾರತ-ಪಾಕಿಸ್ತಾನ ಗಡಿಯಲ್ಲಿ ಗುಂಡಿನ ಸದ್ದು ಆಗಷ್ಟೇ ನಿಂತಿತ್ತು. ದೇಶವಿಡೀ ಮೊಬೈಲ್ ನೋಡುತ್ತ ಕೂತಿದ್ದ ಆ ದಿನಗಳಲ್ಲಿ ಇಂಥದೊಂದು ಸುದ್ದಿ ಎಲ್ಲಿಯವರೆಗೆ ಹೋಗಬಹುದು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಸುದ್ದಿ ಸುಳ್ಳು. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯಾಗಿದ್ದ ಭೀಮಾಶಂಕರ ಗುಳೇದ ಬೇಗನೆ ಬಹಿರಂಗವಾಗಿ ಅದನ್ನು ಅಲ್ಲಗಳೆದರು. ಅಂಥ ಘಟನೆ ನಡೆದೇ ಇಲ್ಲ, ಪೋಸ್ಟ್ ಹಾಕಿದ ಖಾತೆ ತನ್ನ ಊರು ಎಂದು ತೋರಿಸುತ್ತಿರುವುದು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯವನ್ನು ಎಂದರು. ಪೊಲೀಸರು ಕೊಣ್ಣೂರಿನ ಆ ಮನೆಗೆ ಕಾವಲು ಹಾಕಿದರು, ಗೋಕಾಕದಲ್ಲಿ ಪ್ರಕರಣ ದಾಖಲಾಯಿತು, ಪೋಸ್ಟ್ ಅಳಿಸಿಹೋಯಿತು. ಅದರ ಹಿಂದೆ ನಿಜಕ್ಕೂ ಯಾರಿದ್ದರು, ಕೆನಡಾದಲ್ಲಿದ್ದರೋ ಬೇರೆಲ್ಲೋ ಕೂತು ಕೆನಡಾ ಎಂದು ಬರೆದುಕೊಂಡಿದ್ದರೋ, ಖಾತೆಯ ಮುಖಪುಟ ನೋಡಿದವರಿಗೆ ತಿಳಿಯುವಂತಿರಲಿಲ್ಲ.

ಬೆಳಗಾವಿ ಜಿಲ್ಲೆ ಈ ಸುಳ್ಳಿನಿಂದ ಪಾರಾಗಲು ಪೊಲೀಸರ ಚುರುಕುತನ ಒಂದು ಕಾರಣ. ಇನ್ನೊಂದು ಕಾರಣವನ್ನು ಯಾವ ಇಲಾಖೆಯೂ ತನ್ನ ಖಾತೆಗೆ ಬರೆದುಕೊಳ್ಳುವಂತಿಲ್ಲ. ಕೊಣ್ಣೂರು ಹೆಸರಿರುವ, ದಾರಿಯಿರುವ, ಬೀಗರಿರುವ ಊರು. ಸವದತ್ತಿಯವನೋ ಯರಗಟ್ಟಿಯವನೋ ಫೋನ್ ಹಚ್ಚಿ "ಏನಪಾ ಮಾವ, ನಿಮ್ಮೂರಾಗ ಏನರ ಗದ್ಲಾ ಆಗೇತೇನು?" ಎಂದು ಕೇಳಿದರೆ, "ಏನೂ ಆಗಿಲ್ಲೋ, ಆರಾಮ ಅದೀವಿ" ಎಂಬ ಉತ್ತರ ಅರ್ಧ ನಿಮಿಷದಲ್ಲಿ ಸಿಗುತ್ತಿತ್ತು. ಅಂಥದೇ ಸುದ್ದಿ ಕರಾಚಿ ಬಂದರಿನ ಬಗ್ಗೆ ಬಂದರೆ ಯರಗಟ್ಟಿಯವನು ಯಾರಿಗೆ ಫೋನ್ ಹಚ್ಚಬೇಕು? ಮೇ 8ರ ರಾತ್ರಿ ದೇಶದ ಹಲವು ಟಿವಿ ಚಾನೆಲ್‌ಗಳು ಆ ಬಂದರು ನಾಶವಾಯಿತು ಎಂದೇ ಬಿತ್ತರಿಸಿದವು. ಬೆಳಗಾದ ಮೇಲೆ ಬಂದರು ಇದ್ದಲ್ಲೇ ಇತ್ತು. ಸ್ಟುಡಿಯೋದಲ್ಲಿ ಸೈರನ್ ಬಾರಿಸುತ್ತ ಸುದ್ದಿ ಓದುವ ಖಯಾಲಿ ಎಷ್ಟು ಬೆಳೆಯಿತೆಂದರೆ, ನಿಜವಾದ ಸೈರನ್ ಕೂಗಿದಾಗ ಜನ ಅಲಕ್ಷ್ಯ ಮಾಡಿಯಾರು ಎಂದು ನಾಗರಿಕ ರಕ್ಷಣಾ ಇಲಾಖೆ ಮೇ 10ರಂದು ಚಾನೆಲ್‌ಗಳಿಗೆ ಸೂಚನೆ ಕೊಡಬೇಕಾಯಿತು. ಕೆನಡಾ ಎಂದು ಬರೆದುಕೊಂಡ ಒಂದು ಖಾತೆಯ ಸುಳ್ಳಿಗಿಂತ ಇದು ಚಿಕ್ಕದೇನಲ್ಲ. ಹೊರಗಿನ ಕೈವಾಡದ ಬಗ್ಗೆ ಮಾತಾಡುವಾಗ ಮನೆಯೊಳಗಿನದನ್ನು ಬದಿಗಿಟ್ಟು ಮಾತಾಡುವ ಅನುಕೂಲ ಯಾರಿಗೂ ಇಲ್ಲ.

ಇದು ಸುಳ್ಳು, ಇದು ಖರೆ ಎಂದು ಹೇಳುವ ಅಧಿಕಾರ ಯಾರಿಗಿರಬೇಕು? ಮಾಧ್ಯಮ ನೀತಿಯ ಚರ್ಚೆಯೆಲ್ಲ ಸುತ್ತಿ ಬಳಸಿ ನಿಲ್ಲುವುದು ಈ ಪ್ರಶ್ನೆಯ ಮುಂದೆ. ಇದನ್ನು ಕೇಳಲು ಕಿತ್ತೂರಿಗಿಂತ ಯೋಗ್ಯ ಜಾಗ ಕರ್ನಾಟಕದಲ್ಲಿಲ್ಲ.

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡರು. ತೀರಿಕೊಳ್ಳುವ ಮುಂಚೆ ಮಾಸ್ತಮರಡಿಯ ಗೌಡರ ಮಗ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡಿದ್ದಾರೆಂದು ತಿಳಿಸುವ ಪತ್ರ ಧಾರವಾಡಕ್ಕೆ ಹೋಯಿತು. ಅಲ್ಲಿ ಪ್ರಧಾನ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದವನು ಸೇಂಟ್ ಜಾನ್ ಥ್ಯಾಕರೆ. ಮುಂದೆ ಕಾದಂಬರಿಕಾರನಾಗಿ ಹೆಸರಾದ ವಿಲಿಯಂ ಥ್ಯಾಕರೆಗೆ ಇವನು ಚಿಕ್ಕಪ್ಪ. ಕಥೆ ಕಟ್ಟುವುದು ಆ ಮನೆತನದಲ್ಲಿ ಮೊದಲಿಂದಲೇ ಇತ್ತೋ ಏನೋ ಎಂದು ಕಿತ್ತೂರಿನವರು ಕೇಳಿದರೆ ತಪ್ಪಲ್ಲ. ಕಾಗದದ ಮೇಲಿನ ಸಹಿ ದೇಸಾಯಿಯದೇ ಎಂಬುದು ಅನುಮಾನ, ದತ್ತಕವೇ ಅನುಮಾನ ಎಂದು ಅವನು ಪಟ್ಟು ಹಿಡಿದ. ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೆ ವರದಿ ಹೋಯಿತು. ಕಿತ್ತೂರಿನ ಖಜಾನೆಗೆ ಈಸ್ಟ್ ಇಂಡಿಯಾ ಕಂಪನಿಯ ಮುದ್ರೆ ಬಿತ್ತು, ಕಾವಲು ಕೂತಿತು, ಸಂಸ್ಥಾನದ ಆಡಳಿತ ನೋಡಲು ಥ್ಯಾಕರೆ ತನಗೆ ಬೇಕಾದವರನ್ನು ನೇಮಿಸಿದ.

ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಏನಾಯಿತು ಎಂಬುದು ಬೈಲಹೊಂಗಲದ ಶಾಲೆಯ ಹುಡುಗರಿಗೂ ಗೊತ್ತು. ಕಾಳಗದಲ್ಲಿ ಥ್ಯಾಕರೆ ಸತ್ತ, ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆಯಾದರು. ಈ ಎಲಿಯಟ್ ಮುಂದೆ ಕನ್ನಡ ನಾಡಿನ ಶಾಸನಗಳನ್ನು ಸಂಗ್ರಹಿಸಿ ಹೆಸರು ಮಾಡಿದ ವಾಲ್ಟರ್ ಎಲಿಯಟ್ಟೇ. ಡಿಸೆಂಬರ್ ಮೊದಲಿಗೆ ಸೆರೆಯಾಳುಗಳು ಬಿಡುಗಡೆಯಾದರು, ಬೆನ್ನಿಗೇ ಮುತ್ತಿಗೆ ಬಿಗಿಯಿತು, 5ರಂದು ಕೋಟೆ ಬಿತ್ತು. ಕಿತ್ತೂರಿನ ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆವಾಸದಲ್ಲಿದ್ದು 1829ರಲ್ಲಿ ಅಲ್ಲಿಯೇ ತೀರಿಕೊಂಡರು. ಸಮಾಧಿ ಊರೊಳಗೇ ಇದೆ.

ಆ ಸಹಿ ಖರೆಯೋ ಖೊಟ್ಟಿಯೋ ಎಂದು ಇತಿಹಾಸಕಾರರು ಚರ್ಚಿಸಲಿ. ಮಾಧ್ಯಮ ನೀತಿಯ ಚರ್ಚೆಗೆ ಬೇಕಾದದ್ದು ಬೇರೆ ಸಂಗತಿ. ಸಹಿ ಖೊಟ್ಟಿ ಎಂದಾದರೆ ಸಂಸ್ಥಾನವೂ ಖಜಾನೆಯೂ ಯಾರ ಪಾಲಾಗುತ್ತವೆ? ಕಂಪನಿಯ ಪಾಲಾಗುತ್ತವೆ. ಸಹಿ ಖೊಟ್ಟಿ ಎಂದು ತೀರ್ಮಾನಿಸುವವರು ಯಾರು? ಕಂಪನಿಯ ನೌಕರ, ಅವನ ಮೇಲೆ ಕಂಪನಿಯ ಗವರ್ನರ್. ಡಾಲ್‌ಹೌಸಿಯ ದತ್ತಕ ನಿಷೇಧದ ನೀತಿ ಬರಲು ಇನ್ನೂ ಎರಡು ದಶಕಗಳಿದ್ದವು. ಕಿತ್ತೂರಿನಲ್ಲಿ ಅದರ ತಾಲೀಮು ನಡೆದದ್ದು ಒಂದು ಕಾಗದದ ಸತ್ಯಾಸತ್ಯ ಪರೀಕ್ಷೆಯ ಹೆಸರಿನಲ್ಲಿ. ಲಾಭ ಪಡೆಯುವವನೇ ಪರೀಕ್ಷಕನಾದಾಗ ಪರೀಕ್ಷೆ ಎಷ್ಟು ಶಾಸ್ತ್ರೋಕ್ತವಾಗಿ ನಡೆದರೂ ಜನ ಅದನ್ನು ನಂಬುವುದಿಲ್ಲ. ಕಿತ್ತೂರಿನ ಜನವೂ ನಂಬಲಿಲ್ಲ.

ಇನ್ನೂರು ವರ್ಷಗಳ ಮೇಲೆ ದೆಹಲಿಯಲ್ಲೂ ಬೆಂಗಳೂರಿನಲ್ಲೂ ಇದೇ ಪ್ರಶ್ನೆ ಬೇರೆ ವೇಷ ತೊಟ್ಟು ಬಂತು. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಮಾಹಿತಿ ತಂತ್ರಜ್ಞಾನ ನಿಯಮಗಳಿಗೆ ತಿದ್ದುಪಡಿ ತಂದಿತು. ಅದರ ಪ್ರಕಾರ ಕೇಂದ್ರ ಸರ್ಕಾರದ ಕೆಲಸಕಾರ್ಯಗಳ ಬಗ್ಗೆ ಬಂದ ಸುದ್ದಿ ಸುಳ್ಳೋ ಅಲ್ಲವೋ ಎಂದು ಕೇಂದ್ರ ಸರ್ಕಾರವೇ ನೇಮಿಸಿದ ಸತ್ಯಶೋಧನಾ ಘಟಕ ಹೇಳಬೇಕಿತ್ತು. ಸುಳ್ಳೆಂದ ಮೇಲೂ ಅದನ್ನು ಉಳಿಸಿಕೊಂಡ ಜಾಲತಾಣ ಕಾನೂನಿನ ರಕ್ಷಣೆ ಕಳೆದುಕೊಳ್ಳಬೇಕಾಗುತ್ತಿತ್ತು. ಹಾಸ್ಯ ಕಲಾವಿದ ಕುನಾಲ್ ಕಾಮ್ರಾ ಮತ್ತು ಕೆಲವು ಪತ್ರಿಕಾ ಸಂಘಟನೆಗಳು ಮುಂಬಯಿ ಹೈಕೋರ್ಟಿನ ಮೆಟ್ಟಿಲು ಹತ್ತಿದರು. 2024ರ ಜನವರಿ 31ರಂದು ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಒಡೆಯಿತು. ಮೂರನೆಯವರಾದ ನ್ಯಾಯಮೂರ್ತಿ ಎ.ಎಸ್. ಚಂದೂರ್ಕರ್ ಸೆಪ್ಟೆಂಬರ್ 20ರಂದು ಆ ನಿಯಮ ಸಂವಿಧಾನಬಾಹಿರ ಎಂದರು.

ಬೆಂಗಳೂರು ಹಿಂದೆ ಬೀಳಲಿಲ್ಲ. 2025ರ ಜೂನ್‌ನಲ್ಲಿ ಕರ್ನಾಟಕದ ಸುಳ್ಳು ಸುದ್ದಿ ನಿಷೇಧ ಮಸೂದೆಯ ಕರಡು ಹೊರಬಿತ್ತು. ಸುಳ್ಳು ಸುದ್ದಿಗೆ 7 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ, ವಿಶೇಷ ನ್ಯಾಯಾಲಯ. ಎಲ್ಲಕ್ಕೂ ಮೇಲೆ ಒಂದು ಪ್ರಾಧಿಕಾರ, ಅದಕ್ಕೆ ಸಚಿವರೇ ಅಧ್ಯಕ್ಷರು! ಟೀಕೆ ಬಂದ ಕೂಡಲೇ ಇದು ಅಂತಿಮವಲ್ಲ ಎಂದು ಸರ್ಕಾರ ಹೇಳಿತು. ದೆಹಲಿಯ ಘಟಕವನ್ನು ಟೀಕಿಸಿದ ಪಕ್ಷದ ಸರ್ಕಾರವೇ ಬೆಂಗಳೂರಿನಲ್ಲಿ ಇಂಥ ಕರಡು ಬರೆಸಿತ್ತು. ಬೆಂಗಳೂರಿನ ಕರಡನ್ನು ಟೀಕಿಸಿದ ಪಕ್ಷ ದೆಹಲಿಯ ಘಟಕವನ್ನು ಟೀಕಿಸಿರಲಿಲ್ಲ. ಎರಡೂ ಕಡೆ ಉದ್ದೇಶ ಒಳ್ಳೆಯದೇ ಇದ್ದೀತು. ಥ್ಯಾಕರೆ ಕೂಡ ತನ್ನ ವರದಿಯಲ್ಲಿ ಕಾನೂನಿನ ಮಾತನ್ನೇ ಆಡಿದ್ದ.

ಹಾಗಾದರೆ ಕೊಣ್ಣೂರಿನಲ್ಲಿ ಪೊಲೀಸ್ ಅಧಿಕಾರಿಯ ಮಾತನ್ನು ಜನ ನಂಬಿದ್ದೇಕೆ? ಅವರೂ ಸರ್ಕಾರದವರೇ ಅಲ್ಲವೆ? ಅವರು ಹೇಳಿದ್ದು ಯಾರು ಬೇಕಾದರೂ ಹೋಗಿ ನೋಡಬಹುದಾದ ಸಂಗತಿ: ಮನೆ ಅಲ್ಲಿದೆ, ಬಾಗಿಲು ಮುರಿದಿಲ್ಲ. ಆ ಮಾತನ್ನು ಪತ್ರಕರ್ತರು ಸ್ವತಂತ್ರವಾಗಿ ಪರೀಕ್ಷಿಸಬಹುದಿತ್ತು. ಒಪ್ಪದವನಿಗೆ ಜೈಲಿನ ಬೆದರಿಕೆ ಅದರಲ್ಲಿರಲಿಲ್ಲ. ಸರ್ಕಾರ ಸ್ಪಷ್ಟನೆ ಕೊಡುವುದು ಬೇರೆ, ಸರ್ಕಾರ ತೀರ್ಪು ಕೊಡುವುದು ಬೇರೆ. ಮೊದಲನೆಯದು ಬೇಗ ಆದಷ್ಟೂ ಒಳ್ಳೆಯದು. ಎರಡನೆಯದು ನ್ಯಾಯಾಲಯದ ಕೆಲಸ, ಎಷ್ಟೇ ನಿಧಾನವಾದರೂ.

ಬೇಗ ಎನ್ನುವುದಕ್ಕೆ ಈ ಸೀಮೆಯಲ್ಲಿ ಒಂದು ಅಳತೆಯಿದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ, ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರು ಕೆಳಗಿನ ರಾಮದುರ್ಗ ತಾಲೂಕಿನ ಹೊಳೆಸಾಲಿನ ಊರುಗಳಿಗೆ ನುಗ್ಗಿತು. ಅಂಥ ರಾತ್ರಿ ಹೊಳೆಸಾಲಿನವರಿಗೆ ಬೇಕಾದದ್ದು ಭಾಷಣವಲ್ಲ, ಒಂದು ಅಂಕಿ: ಈಗ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ, ಇನ್ನೆಷ್ಟು ಬಿಡುತ್ತಾರೆ. ಆ ಅಂಕಿ ಒಂಬತ್ತು ಗಂಟೆಗೆ ಬರಬೇಕಾದದ್ದು ಹನ್ನೊಂದಕ್ಕೆ ಬಂದರೆ, ನಡುವಿನ ಎರಡು ತಾಸಿನಲ್ಲಿ "ಡ್ಯಾಂ ಒಡದೈತಂತ" ಎಂಬ ಧ್ವನಿಮುದ್ರಿಕೆಯೊಂದು ಇಪ್ಪತ್ತು ಊರು ಸುತ್ತಿ ಬರುತ್ತದೆ. ಮುದುಕರನ್ನೂ ದನಕರುಗಳನ್ನೂ ಕತ್ತಲಲ್ಲಿ ಎಬ್ಬಿಸಿ ಹೊರಡಿಸುವ ಶಕ್ತಿ ಅದಕ್ಕಿದೆ. ಅದನ್ನು ಹರಡಿದವನನ್ನು ಹಿಡಿಯಲು ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಮು ಇದೆ. ಹನ್ನೊಂದಕ್ಕೆ ಬಂದ ಅಂಕಿಯನ್ನು ಒಂಬತ್ತಕ್ಕೆ ತರುವ ಕಲಮು ಯಾವ ಸಂಹಿತೆಯಲ್ಲೂ ಇಲ್ಲ.

ವಾಟ್ಸಾಪ್ ವಿಷಯದಲ್ಲಿ ಕರ್ನಾಟಕ ತೆತ್ತ ಬೆಲೆ ದೊಡ್ಡದು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಗಾಳಿಸುದ್ದಿಗೆ ಅಮಾಯಕರು ಜೀವ ಕಳೆದುಕೊಂಡರು. ಮುರ್ಕಿಯಲ್ಲಿ ಸತ್ತ ಹೈದರಾಬಾದಿನ ಯುವಕ ಮತ್ತವನ ಗೆಳೆಯರು ಮಾಡಿದ್ದ ತಪ್ಪು, ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ಅದೇ ಜುಲೈನಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದೆಂದು ಮಿತಿ ಹಾಕಿತು. 2020ರ ಏಪ್ರಿಲ್‌ನಲ್ಲಿ, ಹಲವು ಸಲ ಕೈ ಬದಲಿಸಿದ ಸಂದೇಶ ಒಮ್ಮೆಗೆ ಒಂದೇ ಕಡೆ ಹೋಗಬೇಕೆಂದಿತು; ಅದರಿಂದ ಅಂಥ ಸಂದೇಶಗಳು ಶೇ. 70ರಷ್ಟು ಇಳಿದವು ಎಂದು ಕಂಪನಿಯೇ ಹೇಳಿಕೊಂಡಿತು. ಇಲ್ಲಿ ಯಾರೂ ಯಾವ ಮಾತನ್ನೂ ಸುಳ್ಳೆಂದು ಘೋಷಿಸಲಿಲ್ಲ. ಮಾತು ಓಡುವ ವೇಗಕ್ಕೆ ಲಗಾಮು ಬಿತ್ತು, ಅಷ್ಟೆ. ಜೈಲಿನ ಕಲಮುಗಳಿಗಿಂತ ಈ ಕ್ರಮ ಹೆಚ್ಚು ಕೆಲಸ ಮಾಡಿತೆಂದು ಹೇಳಲು ಸಂಕೋಚ ಬೇಕಿಲ್ಲ. ಸಂಕೋಚಪಡಬೇಕಾದದ್ದು ಅದು ಬರಲು ಅಷ್ಟು ಹೆಣ ಬೀಳಬೇಕಾಯಿತಲ್ಲ ಎಂಬುದಕ್ಕೆ.

ಮಾತು ಯಾರದು ಎಂಬ ಪ್ರಶ್ನೆಗೆ ಈಗ ಬರಬಹುದು. ಪತ್ರಿಕೆ ಓದುವ ಹಳಬರಿಗೆ ಮಾರ್ಚ್ ತಿಂಗಳ ಮೊದಲ ವಾರದ ಒಂದು ಚೌಕ ನೆನಪಿದ್ದೀತು. 'ನಮೂನೆ 4' ಎಂಬ ತಲೆಬರಹ. ಪ್ರಕಟಣೆಯ ಸ್ಥಳ, ಮುದ್ರಕರ ಹೆಸರು, ರಾಷ್ಟ್ರೀಯತೆ, ವಿಳಾಸ. ಪ್ರಕಾಶಕರದೂ ಅಷ್ಟೇ, ಸಂಪಾದಕರದೂ ಅಷ್ಟೇ. ಕೊನೆಗೆ, ಒಟ್ಟು ಬಂಡವಾಳದಲ್ಲಿ ಶೇ. 1ಕ್ಕಿಂತ ಹೆಚ್ಚು ಪಾಲುಳ್ಳವರ ಹೆಸರು. 1956ರ ನಿಯಮದಂತೆ ದೊಡ್ಡ ದಿನಪತ್ರಿಕೆಯಿಂದ ಹಿಡಿದು ತಾಲೂಕು ಮಟ್ಟದ ನಾಲ್ಕು ಪುಟದ ವಾರಪತ್ರಿಕೆಯವರೆಗೆ ಎಲ್ಲರೂ ವರ್ಷಕ್ಕೊಮ್ಮೆ ಹೀಗೆ ಓದುಗರ ಮುಂದೆ ಮೈ ತೋರಿಸಬೇಕಿತ್ತು. ಅದನ್ನು ಓದಿದವರು ಕಡಿಮೆ. ಆದರೂ ಬೈಲಹೊಂಗಲದ ವಾರಪತ್ರಿಕೆಯ ಹಿಂದೆ ಯಾವ ಅಡತಿ ಅಂಗಡಿಯ ದುಡ್ಡಿದೆ, ಯಾವ ಪುಢಾರಿಯ ಭಾವಮೈದುನ ಇದ್ದಾನೆ ಎಂದು ಊರಿಗೇ ತಿಳಿಯುತ್ತಿತ್ತು. ಹಾಗಾಗಿ ಅದರಲ್ಲಿ ಬಂದ ಹೊಗಳಿಕೆಯನ್ನೂ ಬೈಗಳನ್ನೂ ಜನ ತೂಗಿ ನೋಡುತ್ತಿದ್ದರು.

ಹೊರದೇಶದ ದುಡ್ಡಿನ ಮೇಲೂ ಕಣ್ಣಿತ್ತು. ಭಾರತೀಯ ಸುದ್ದಿಪತ್ರಿಕೆಗಳಲ್ಲಿ ವಿದೇಶಿ ಒಡೆತನ ಬೇಡ ಎಂದು ನೆಹರೂ ಸಂಪುಟ 1955ರಲ್ಲಿ ನಿರ್ಣಯಿಸಿತು. 2002ರಲ್ಲಿ ಅದನ್ನು ಸಡಿಲಿಸಿ ಶೇ. 26ರವರೆಗೆ ಒಪ್ಪಲಾಯಿತು, 2019ರಲ್ಲಿ ಡಿಜಿಟಲ್ ಸುದ್ದಿ ತಾಣಗಳಿಗೂ ಅದೇ ಶೇ. 26ರ ಮಿತಿ ಬಂತು. ಕಾಗದದ ಮೇಲೆ ಬಿಗಿಯಾದ ಕಟ್ಟು. ಆದರೆ ಇಂದು ಸವದತ್ತಿಯ ಯುವಕನಿಗೆ ಸುದ್ದಿ ತಲುಪುವುದು ಯೂಟ್ಯೂಬ್, ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ, ಎಕ್ಸ್ ದಾರಿಯಿಂದ. ಇವೆಲ್ಲವುಗಳ ಒಡೆತನ ಅಮೆರಿಕದಲ್ಲಿದೆ, ಇವು ಕಾನೂನಿನ ಕಣ್ಣಿಗೆ ಸುದ್ದಿ ಸಂಸ್ಥೆಗಳೂ ಅಲ್ಲ. ಯಾವ ವಿಡಿಯೋ ಯಾರ ಕೈಗೆ ಮೊದಲು ಸಿಗಬೇಕೆಂದು ತೀರ್ಮಾನಿಸುವ ಲೆಕ್ಕಾಚಾರ ಮಾತ್ರ ಅವುಗಳದ್ದೇ. ಊರ ವಾರಪತ್ರಿಕೆಯ ಪ್ರಕಾಶಕ ರಾಷ್ಟ್ರೀಯತೆ ಬರೆದು ಸಹಿ ಹಾಕಬೇಕಿತ್ತು, ಕೊಣ್ಣೂರಿನ ಮನೆಯ ಮೇಲೆ ದಾಳಿಯಾಯಿತೆಂದು ಲಕ್ಷ ಜನಕ್ಕೆ ಹೇಳಬಲ್ಲ ಖಾತೆ ಏನನ್ನೂ ಬರೆಯಬೇಕಿಲ್ಲ. ನೀತಿಯಲ್ಲಿ ತೂತು ಇರುವುದು ಇಲ್ಲಿ.

ಹೊರದೇಶದ ಪ್ರಚಾರ ಕನ್ನಡಿಗರಿಗೆ ಹೊಸದಲ್ಲ. ಶೀತಲ ಸಮರದ ಕಾಲದಲ್ಲಿ 'ಸೋವಿಯತ್ ಲ್ಯಾಂಡ್' ಪತ್ರಿಕೆ ಕನ್ನಡದಲ್ಲೇ ಬರುತ್ತಿತ್ತು. ನುಣುಪು ಕಾಗದ, ಬಣ್ಣದ ಚಿತ್ರ, ಬಲು ಅಗ್ಗದ ಬೆಲೆ. ಟ್ರ್ಯಾಕ್ಟರಿನ ಮೇಲೆ ನಗುನಗುತ್ತ ಕೂತ ಉಕ್ರೇನಿನ ರೈತ ಹೆಂಗಸನ್ನು ಉತ್ತರ ಕರ್ನಾಟಕದ ಹುಡುಗರು ನೋಡಿದ್ದೂ ಉಂಟು, ಅದೇ ಹಾಳೆಯನ್ನು ಗಣಿತದ ಪುಸ್ತಕಕ್ಕೆ ರಟ್ಟು ಹಾಕಿದ್ದೂ ಉಂಟು. ಅದು ಪ್ರಚಾರವೇ. ಆದರೆ ಯಾರ ಪ್ರಚಾರ ಎಂಬುದು ಹೆಸರಲ್ಲೇ ಇತ್ತು. ಓದುವವನು ಗೊತ್ತಿದ್ದೇ ಓದುತ್ತಿದ್ದ. ಈಗಿನದರಲ್ಲಿ ಬದಲಾದದ್ದು ಈ ಹೆಸರು. ದೂರದ ಕಚೇರಿಯಲ್ಲಿ ಕೂತವನು ನೆರೆಮನೆಯವನ ದನಿಯಲ್ಲಿ ಮಾತಾಡುತ್ತಾನೆ.

2025ರ ನವೆಂಬರ್‌ನಲ್ಲಿ ಎಕ್ಸ್ ಸಂಸ್ಥೆ ಪ್ರತಿ ಖಾತೆಯೂ ಯಾವ ದೇಶದಿಂದ ನಡೆಯುತ್ತಿದೆ ಎಂದು ತೋರಿಸುವ ಏರ್ಪಾಡು ಮಾಡಿತು. ಅಮೆರಿಕದ ದೇಶಭಕ್ತರೆಂದು ಗುಡುಗುತ್ತಿದ್ದ ಎಷ್ಟೋ ಖಾತೆಗಳು ನೈಜೀರಿಯಾ, ಬಾಂಗ್ಲಾದೇಶ, ಪೂರ್ವ ಯೂರೋಪು, ಭಾರತದಲ್ಲೂ ಇರುವುದು ಬಯಲಾಯಿತು. ಸ್ಥಳ ಮರೆಮಾಚುವ ತಂತ್ರಗಳಿವೆ, ತಪ್ಪು ತೋರಿಸುವುದೂ ಉಂಟು. ಆದರೂ ನಮೂನೆ 4 ಎಪ್ಪತ್ತು ವರ್ಷದ ಬಳಿಕ ಹೊಸ ಅಂಗಿ ತೊಟ್ಟು ಬಂದಂತಾಯಿತು. ಒಂದು ಕಂಪನಿ ತನ್ನ ಮರ್ಜಿಯಿಂದ ಮಾಡಿದ್ದನ್ನು ಕಾನೂನು ಎಲ್ಲ ಕಂಪನಿಗಳಿಂದ ಕೇಳಬಾರದೇಕೆ? ರಾಜಕೀಯ ಜಾಹೀರಾತಿಗೆ ದುಡ್ಡು ಕೊಟ್ಟವರು ಯಾರು, ಸಾವಿರಾರು ಮಂದಿ ಹಿಂಬಾಲಕರಿರುವ ಸುದ್ದಿ ಖಾತೆಯನ್ನು ನಡೆಸುವವರು ಯಾರು, ಯಂತ್ರದಿಂದ ಸೃಷ್ಟಿಯಾದ ಮುಖವೇ ಅಲ್ಲವೇ ಎಂಬಷ್ಟನ್ನು. ಹೆಸರು ಮುಚ್ಚಿಟ್ಟುಕೊಂಡು ಊರ ಅನ್ಯಾಯ ಬಯಲು ಮಾಡುವ ಸಾಮಾನ್ಯನನ್ನು ಇದು ಹಿಡಿಯಬಾರದು. ಹಾಗಾಗಿ ಗೆರೆ ಎಳೆಯಬೇಕಾದದ್ದು ದುಡ್ಡು ಮತ್ತು ಗಾತ್ರದ ಮೇಲೆ, ಅಭಿಪ್ರಾಯದ ಮೇಲಲ್ಲ.

ಗಡಿ ಜಿಲ್ಲೆಯಾದ ಬೆಳಗಾವಿಗೆ ನಕಲಿ ಖಾತೆಗಳ ಬಿಸಿ ಚೆನ್ನಾಗಿ ಗೊತ್ತು. 2022ರ ಡಿಸೆಂಬರ್ 6ರಂದು ಕಿತ್ತೂರಿನಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯ ಹಿರೇಬಾಗೇವಾಡಿ ಟೋಲ್ ಬಳಿ ಗಡಿ ವಿವಾದದ ಕಾವಿಗೆ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದವು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಿತ್ತು. ವಾರದ ಮೇಲೆ, 14ರಂದು, ಕೇಂದ್ರ ಗೃಹ ಸಚಿವ ಅಮಿತ್ ಶಾ ಎರಡೂ ರಾಜ್ಯಗಳ ಮುಖ್ಯಮಂತ್ರಿಗಳನ್ನು ಕೂರಿಸಿಕೊಂಡು ಮಾತಾಡಿ ಹೊರಬಂದು, ದೊಡ್ಡ ನಾಯಕರ ಹೆಸರಿನ ನಕಲಿ ಟ್ವಿಟರ್ ಖಾತೆಗಳು ಬೆಂಕಿಗೆ ತುಪ್ಪ ಸುರಿದಿವೆ, ಪ್ರಕರಣ ದಾಖಲಿಸುತ್ತೇವೆ ಎಂದರು. ತಮ್ಮ ಹೆಸರಲ್ಲಿ ಓಡಾಡಿದ ಟ್ವೀಟ್ ತಮ್ಮದಲ್ಲ ಎಂದು ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹೇಳಿದರು. ಮಹಾರಾಷ್ಟ್ರದ ವಿರೋಧ ಪಕ್ಷಗಳು ಅದನ್ನು ನಂಬಲು ಒಪ್ಪಲಿಲ್ಲ. ನಿಜವಾದ ಟ್ವೀಟನ್ನು ನಕಲಿ ಎಂದು ಜಾರಿಕೊಳ್ಳುವ ಅನುಕೂಲವೂ ಇಂಥ ಕಾಲದಲ್ಲಿ ನಾಯಕರಿಗೆ ಸಿಗುತ್ತದೆ ಎಂಬುದೇ ಅವರ ಅನುಮಾನ. ಮುಖ್ಯಮಂತ್ರಿಯ ಮಾತು ಮುಖ್ಯಮಂತ್ರಿಯದೇ ಎಂದು ಎರಡು ರಾಜ್ಯಗಳಿಗೂ ಒಪ್ಪಿಗೆಯಾಗುವಂತೆ ಹೇಳಬಲ್ಲ ಮೂರನೆಯವನು ಅಂದು ಯಾರೂ ಇರಲಿಲ್ಲ.

ಸುಳ್ಳು ಸಹಿಯ ವಿಷಯದಲ್ಲಿ ಭಾರತದ ಕಡೆಗೂ ಬೆರಳು ತೋರಿಸಿದವರಿದ್ದಾರೆ. ಬ್ರಸೆಲ್ಸ್‌ನ 'ಇಯು ಡಿಸ್‌ಇನ್‌ಫೋ ಲ್ಯಾಬ್' ಸಂಸ್ಥೆ 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವರದಿ, ಭಾರತದ ಪರ ಹಾಗೂ ಪಾಕಿಸ್ತಾನದ ವಿರುದ್ಧ ಪ್ರಚಾರಕ್ಕೆ 15 ವರ್ಷ ನಡೆದ ಜಾಲವೊಂದನ್ನು ಬಯಲು ಮಾಡಿತು. ನೂರಕ್ಕೂ ಹೆಚ್ಚು ದೇಶಗಳಲ್ಲಿ 750ಕ್ಕೂ ಹೆಚ್ಚು ನಕಲಿ ಮಾಧ್ಯಮ ತಾಣಗಳು. 2006ರಲ್ಲೇ ತೀರಿಕೊಂಡಿದ್ದ ಹಾರ್ವರ್ಡ್‌ನ ಕಾನೂನು ಪ್ರಾಧ್ಯಾಪಕ ಲೂಯಿ ಸೋನ್ ಮರುವರ್ಷ ವಿಶ್ವಸಂಸ್ಥೆಯ ಸಭೆಯಲ್ಲಿ ಹಾಜರಿದ್ದರೆಂದು ದಾಖಲೆ! ದೆಹಲಿಯ ಶ್ರೀವಾಸ್ತವ ಗ್ರೂಪ್ ಇದರ ಹಿಂದಿದೆ ಎಂದು ವರದಿ ಹೇಳಿತು. ಭಾರತ ಇಂಥ ಕೆಲಸ ಮಾಡುವುದಿಲ್ಲ ಎಂದು ವಿದೇಶಾಂಗ ಇಲಾಖೆ ಹೇಳಿತು. ಸತ್ತವರ ಸಹಿ ಎಂಬ ದೂರು ಬ್ರಸೆಲ್ಸ್‌ನಿಂದ ಬಂದಾಗ ಕಿತ್ತೂರ ಸೀಮೆಯವರು ಬೇರೆಯವರಿಗಿಂತ ಚುರುಕಾಗಿ ಕಿವಿ ನಿಮಿರಿಸಬೇಕು. ಪರದೇಶದವರು ಇಲ್ಲಿ ಮಾಡಿದರೆ ಕುತಂತ್ರ, ಇಲ್ಲಿಯವರು ಪರದೇಶದಲ್ಲಿ ಮಾಡಿದರೆ ಜಾಣತನ ಎಂಬ ಎರಡು ತಕ್ಕಡಿ ಇಟ್ಟುಕೊಂಡ ದೇಶದ ನೀತಿಗೆ ಹೊರಗೆ ಬೆಲೆ ಸಿಗುವುದಿಲ್ಲ.

ಬೇರೆ ದೇಶಗಳ ಮದ್ದುಗಳೂ ಎಲ್ಲವೂ ಅನುಕರಿಸುವಂಥವಲ್ಲ. ರೊಮೇನಿಯಾದಲ್ಲಿ 2024ರ ನವೆಂಬರ್ 24ರಂದು ಅಧ್ಯಕ್ಷ ಚುನಾವಣೆಯ ಮೊದಲ ಸುತ್ತು ನಡೆದು, ಟಿಕ್‌ಟಾಕ್‌ನಲ್ಲಿ ದಿಢೀರನೆ ಮೆರೆದ ಕಲಿನ್ ಜಾರ್ಜೆಸ್ಕು ಮೊದಲ ಸ್ಥಾನ ಪಡೆದರು. ಗುಪ್ತಚರ ವರದಿಗಳ ಬೆನ್ನಿಗೆ ಡಿಸೆಂಬರ್ 6ರಂದು ಸಾಂವಿಧಾನಿಕ ನ್ಯಾಯಾಲಯ ಆ ಸುತ್ತನ್ನೇ ರದ್ದು ಮಾಡಿತು. ಖಾತೆಗಳು ನಕಲಿಯಾಗಿದ್ದವು ಎನ್ನಬಹುದು, ಪೆಟ್ಟಿಗೆಗೆ ಬಿದ್ದ ಮತಗಳು ನಕಲಿಯಾಗಿರಲಿಲ್ಲ. ಕಾಯಿಲೆ ತಲೆಗೇರುವ ತನಕ ಕಾದು ಕೂತರೆ ಕೊನೆಗೆ ಉಳಿಯುವುದು ಇಂಥ ಶಸ್ತ್ರಚಿಕಿತ್ಸೆಯೇ. ಭಾರತದ ಚುನಾವಣಾ ಆಯೋಗದ ದಾರಿ ಇದಕ್ಕಿಂತ ಸಾಧು: ಟಿವಿ ಮತ್ತು ಸಾಮಾಜಿಕ ಜಾಲತಾಣದ ರಾಜಕೀಯ ಜಾಹೀರಾತುಗಳನ್ನು ಮೊದಲೇ ಪರಿಶೀಲಿಸಲು ಜಿಲ್ಲೆಗೊಂದು ಮಾಧ್ಯಮ ಪ್ರಮಾಣೀಕರಣ ಸಮಿತಿ; ನಕಲಿ ವಿಡಿಯೋಗಳನ್ನು ಗಮನಕ್ಕೆ ಬಂದ 3 ಗಂಟೆಯೊಳಗೆ ತೆಗೆಯಿರಿ ಎಂದು 2024ರ ಮೇ 6ರಂದು ಪಕ್ಷಗಳಿಗೆ ಕೊಟ್ಟ ಸೂಚನೆ. ಪಕ್ಷ ಹಾಕಿದ್ದನ್ನು ಪಕ್ಷ ತೆಗೆದೀತು. ಪಕ್ಷದ ಅಭಿಮಾನಿ ಎಂದು ಹೇಳಿಕೊಳ್ಳುವ ಹೆಸರಿಲ್ಲದ ಪುಟಗಳ ಎದುರು ಈ ಸೂಚನೆ ಕೈಕಟ್ಟಿ ನಿಲ್ಲುತ್ತದೆ.

ಇನ್ನು ರೇಡಿಯೋ. ಸ್ವಾತಂತ್ರ್ಯ ಬಂದ ಮೇಲೆ ಆಕಾಶವಾಣಿಗೆ ಎದುರಾದ ಮೊದಲ ದೊಡ್ಡ ಪರದೇಶಿ ಪೈಪೋಟಿ ಶತ್ರುದೇಶದ್ದಾಗಿರಲಿಲ್ಲ. ವಾರ್ತಾ ಸಚಿವ ಬಿ.ವಿ. ಕೇಸ್ಕರ್ ಸಿನಿಮಾ ಹಾಡು ಕೀಳು ಅಭಿರುಚಿ ಎಂದು 1952ರ ಸುಮಾರಿಗೆ ಅದನ್ನು ಆಕಾಶವಾಣಿಯಿಂದ ದೂರ ಇಟ್ಟರು. ಕೇಳುಗರು ಸದ್ದಿಲ್ಲದೆ ಗುಂಡಿ ತಿರುಗಿಸಿ ರೇಡಿಯೋ ಸಿಲೋನಿಗೆ ಹೋದರು, ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಮನೆಮಾತಾಯಿತು. ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿದ ಮೇಲೆಯೇ ಕೇಳುಗರು ಮರಳಿದ್ದು. ಪರದೇಶದ ದನಿಯನ್ನು ಹೊರಗಿಡಲು ಅಂದು ಫಲ ಕೊಟ್ಟದ್ದು ತಡೆಯಲ್ಲ, ಮನೆಯಲ್ಲೇ ಕೇಳುವಂಥದ್ದನ್ನು ಕೊಟ್ಟದ್ದು. ಸುದ್ದಿಯ ವಿಷಯದಲ್ಲಿ ಈ ಪಾಠವನ್ನು ದೆಹಲಿ ಇನ್ನೂ ಓದಿಲ್ಲ. 1950ರಿಂದ ಈ ಸೀಮೆಗೆ ದನಿಯಾಗಿರುವ ಧಾರವಾಡ ಆಕಾಶವಾಣಿಯೊಂದನ್ನು ಬಿಟ್ಟರೆ, ಖಾಸಗಿ ಎಫ್‌ಎಂ ಆಗಲಿ ಸಮುದಾಯ ಬಾನುಲಿಯಾಗಲಿ ತನ್ನದೇ ಸುದ್ದಿ ಓದುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೆ ಮರುಪ್ರಸಾರ ಮಾಡಬಹುದಷ್ಟೆ. ಬಾನಿನ ಅಲೆಗಳು ಸಾರ್ವಜನಿಕ ಸ್ವತ್ತು, ಸರ್ಕಾರದ ಗುತ್ತಿಗೆಯಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಖಾಸಗಿ ಎಫ್‌ಎಂ ಕೇಂದ್ರಗಳು ಗಂಟೆಗೆ 10 ನಿಮಿಷ ಸುದ್ದಿ ಓದಲಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಶಿಫಾರಸು ಮಾಡಿದ್ದು 2023ರ ಸೆಪ್ಟೆಂಬರ್‌ನಲ್ಲಿ. ಕೆನಡಾ ಎಂದು ಬರೆದುಕೊಂಡ ಖಾತೆಗೆ ಕೊಣ್ಣೂರಿನ ಸುದ್ದಿ ಹೇಳುವ ಅವಕಾಶವಿದೆ, ಗೋಕಾಕದಲ್ಲಿ ನಾಳೆ ಹುಟ್ಟುವ ಬಾನುಲಿಗೆ ಇಲ್ಲ.

ಸುದ್ದಿಯೆಂದು ಎಣಿಸದ ಕೆಲವು ವಿಷಯಗಳಿಗೆ ಮಾತ್ರ ನಿಯಮ ದಾರಿ ಬಿಟ್ಟಿದೆ. ಹವಾಮಾನ, ಸಂಚಾರ, ಜಾತ್ರೆ-ಉತ್ಸವ, ಪರೀಕ್ಷೆಯ ಫಲಿತಾಂಶ, ಉದ್ಯೋಗಾವಕಾಶ, ಸ್ಥಳೀಯ ಆಡಳಿತ ಕೊಡುವ ನೀರು, ವಿದ್ಯುತ್ತು, ನೆರೆಹಾವಳಿಯ ಪ್ರಕಟಣೆ. ಸವದತ್ತಿಯಲ್ಲಿ ಒಂದು ಸಮುದಾಯ ಬಾನುಲಿ ಕೇಂದ್ರ ಶುರುವಾದರೆ ಯಲ್ಲಮ್ಮನ ಗುಡ್ಡದ ಹುಣ್ಣಿಮೆ ಜಾತ್ರೆಗೆ ಎಷ್ಟು ಬಸ್ಸು ಬಿಟ್ಟಿದ್ದಾರೆ ಎಂದು ಅದು ಹೇಳಬಹುದು. ನವಿಲುತೀರ್ಥದಿಂದ ರಾಮದುರ್ಗದ ಕಡೆಗೆ ಇಷ್ಟು ಕ್ಯೂಸೆಕ್ ನೀರು ಹೊರಟಿದೆ ಎಂದು ತಹಶೀಲ್ದಾರರು ಕೊಟ್ಟ ಅಂಕಿಯನ್ನೂ ಓದಬಹುದು. ಆ ಅಂಕಿ ಎರಡು ತಾಸು ತಡವಾಗಿ ಬಂದದ್ದೇಕೆ ಎಂದು ಕೇಳಿದರೆ ಮಾತ್ರ ಅದು ಸುದ್ದಿಯಾಗುತ್ತದೆ, ಪರವಾನಗಿ ಅಲ್ಲಿಗೆ ಅಡ್ಡ ಬರುತ್ತದೆ.